ಸಣ್ಣ ಪಾತ್ರೆಯ ಅಡುಗೆ

ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ಒದ್ದೆ ಹತ್ತಿಬಟ್ಟೆ ಬಿಡುವ ವಾಸನೆಯೊಂದಿದೆ. ಅರ್ಧ ಗಂಜಿಯದು, ಅರ್ಧ ಬಿಸಿಲಿನದು. ದೊಡ್ಡಮ್ಮನ ಬಾಲ್ಯಕ್ಕೆಲ್ಲ ಅದೇ ವಾಸನೆ. ಅವಳ ಅಮ್ಮ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ನಾಲ್ಕು ಮಕ್ಕಳನ್ನು ಸಾಕಿದವಳು. ದೊಡ್ಡಮ್ಮ ಎಂಟು ವರ್ಷದವಳಾಗಿದ್ದಾಗ ಒಂದು ಬೆಳಿಗ್ಗೆ ಆ ಹಿತವಾದ ವಾಸನೆಯ ನಡುವೆ ಬೇರೊಂದು ಎಳೆ ಅವಳ ಮೂಗಿಗೆ ತಾಕಿತು. ಹುಡುಕುತ್ತ ಹೋದರೆ ಹಾಲಿನ ಪಾತ್ರೆ. ಯಾರೋ ಅವಸರದಲ್ಲಿ ಸೀಮೆಎಣ್ಣೆ ಅಳೆಯುವ ಲೋಟವನ್ನೇ ಹಾಲಿಗೆ ಅದ್ದಿದ್ದರು. ಅಮ್ಮ ಹಾಲನ್ನೆಲ್ಲ ಚೆಲ್ಲಿ, ಮಗಳ ತಲೆ ಸವರಿ, "ಇವಳ ಮೂಗು ಸುಳ್ಳು ಹೇಳಲ್ಲ" ಎಂದಳು.

ಅಮ್ಮ ಹೊಗಳಿದ್ದು ಅದೊಂದೇ ಸಲ. ಆ ಮಾತನ್ನು ದೊಡ್ಡಮ್ಮ ಎಪ್ಪತ್ತೊಂದನೆಯ ವಯಸ್ಸಿನವರೆಗೂ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಬಸ್ಸಿನ ಸೀಟು, ಹೊಸ ಸೋಪು, ಬೀಗರ ಮನೆಯ ನೀರು, ಯಾವುದನ್ನೂ ಮೂಸದೆ ಬಿಟ್ಟವಳಲ್ಲ. ಲಾಂಡ್ರಿಯ ಕೆಲಸದವರು ಬೆನ್ನ ಹಿಂದೆ ಅವಳನ್ನು 'ಮೂಗು' ಎಂದೇ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು.

ಲಾಂಡ್ರಿ ಕೆಳಗೆ, ಮನೆ ಮೇಲೆ. ಅಣ್ಣತಮ್ಮಂದಿರಿಬ್ಬರು ಸೇರಿ ಹಾಕಿದ ಲಾಂಡ್ರಿ ಅದು. ಅಣ್ಣತಮ್ಮಂದಿರು ಹೋದರು, ಅವರ ಹೆಂಡಂದಿರು ಉಳಿದರು. ಅಣ್ಣನ ಹೆಂಡತಿ ಎಲ್ಲರಿಗೂ ದೊಡ್ಡಮ್ಮ, ತಮ್ಮನ ಹೆಂಡತಿ ಚಿಕ್ಕಮ್ಮ. ದೊಡ್ಡಮ್ಮ ಮುಂದಿನ ಕಟ್ಟೆಯಲ್ಲಿ ಕೂತು ಬಂದ ಬಟ್ಟೆಗೆಲ್ಲ ಚೀಟಿ ಕಟ್ಟುವಳು. ಬಿಳಿ ದಾರ, ಸಣ್ಣ ಬಟ್ಟೆಯ ಚೀಟಿ, ಅಳಿಯದ ಶಾಯಿ. ಯಾವ ದಿನ ಬಂತು, ಯಾರದು. ನಲವತ್ತು ವರ್ಷದಲ್ಲಿ ಒಂದೇ ಒಂದು ದಿಂಬಿನ ಚೀಲ ಅದಲುಬದಲಾಗಿತ್ತು, ಅದೂ ಅವಳಿಗೆ ಜ್ವರ ಬಂದ ದಿನ. ಚಿಕ್ಕಮ್ಮ ಹಿಂದುಗಡೆ ಯಂತ್ರಗಳನ್ನು ನೋಡಿಕೊಂಡು, ಮೇಲೆ ಅಡುಗೆಯನ್ನೂ ಮಾಡುವಳು. ಓರಗಿತ್ತಿಯರ ನಡುವೆ ಜಗಳವೆಂಬುದು ಇರಲಿಲ್ಲ. ಜಗಳಕ್ಕೂ ನಾಲ್ಕು ಮಾತು ಬೇಕಲ್ಲ! ಮೂವತ್ತೆಂಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ದೊಡ್ಡಮ್ಮ ಅವಳನ್ನು 'ಇವಳೇ' ಎಂದು ಕರೆದಳೇ ಹೊರತು ಬೇರೆ ಹೆಸರಿಡಲಿಲ್ಲ.

ಕಾಯಿಲೆಯ ಸುಳಿವು ಸಿಕ್ಕಿದ್ದೂ ಲಾಂಡ್ರಿಯವರಿಗೆ ಸಿಗುವ ಹಾಗೆಯೇ. ಮೂತ್ರದಲ್ಲಿ ನೊರೆ. ನೊರೆಯೆಂದರೆ ಏನೆಂದು ದೊಡ್ಡಮ್ಮನಿಗೆ ಹೇಳಿಕೊಡಬೇಕೇ? ಸೋಪಿನ ನೊರೆ ನೀರು ಸುರಿದರೆ ಇಳಿಯುತ್ತದೆ, ಇದು ಇಳಿಯಲಿಲ್ಲ. ಮೊದಲು ಅವಳು ಸಂಶಯಪಟ್ಟದ್ದು ಬಚ್ಚಲು ತೊಳೆಯುವ ಪುಡಿಯನ್ನು. ಪುಡಿ ಬದಲಾಯಿಸಿದ ಮೇಲೂ ನೊರೆ ನಿಂತೇ ಇದ್ದಾಗ ಕಿಡ್ನಿ ಡಾಕ್ಟರ ಹತ್ತಿರ ಹೋದಳು. ಜೊತೆಗೆ ಚಿಕ್ಕಮ್ಮ ಬಂದು ಬಾಗಿಲ ಬಳಿ ಕೂತಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಟೆತಸ್ಕೋಪಿನ ಬಿಲ್ಲೆ ತಣ್ಣಗಿರಬಾರದೆಂದು ಅಂಗೈಯಲ್ಲಿ ಉಜ್ಜಿ ಆಮೇಲೆ ಎದೆಗೆ ಇಟ್ಟಳು. ದೊಡ್ಡಮ್ಮ ಅದನ್ನು ಗಮನಿಸಿದಳು.

"ಅಜ್ಜಿ, ನಿಮ್ಮ ಬಿಪಿ ಕಿಡ್ನಿಯ ಜರಡಿಗೆ ಪೆಟ್ಟು ಕೊಟ್ಟಿದೆ. ಪ್ರೋಟೀನ್ ಸೋರ್ತಿದೆ. ಅದೇ ನೊರೆ."

"ಬಿಪಿ ಇಪ್ಪತ್ತು ವರ್ಷದಿಂದ ಇದೆ. ಈಗ್ಯಾಕೆ ಪೆಟ್ಟು?"

"ಇಪ್ಪತ್ತು ವರ್ಷದಿಂದ ಇದೆಯಲ್ಲ, ಅದಕ್ಕೇ."

ಆಮೇಲೆ ಡಾಕ್ಟರು ಒಂದು ಹಾಳೆಯ ಮೇಲೆ ಮನೆಯ ಚಿತ್ರ ಬರೆದಳು. "ಮೈಯಲ್ಲಿ ಆ್ಯಂಜಿಯೊಟೆನ್ಸಿನ್ ಅಂತ ಒಬ್ಬ ಓಲೆಕಾರ ಇದ್ದಾನೆ. ನೀರು ಕಮ್ಮಿ ಆಯ್ತು, ರಕ್ತದ ಒತ್ತಡ ಇಳೀತು ಅಂತ ಕಿಡ್ನಿಗೆ ಅನ್ನಿಸಿದ್ರೆ ಸಾಕು, ಇವನು ಹೊರಡ್ತಾನೆ. ರಕ್ತನಾಳ, ಹೃದಯ, ಕಿಡ್ನಿ, ಎಲ್ಲ ಕಡೆ ಇವನ ಮಾತು ಕೇಳೋಕೆ ಕಿವಿಗಳಿವೆ. ನಾವು ರಿಸೆಪ್ಟರ್ ಅಂತೀವಿ. ಅವನ ಮಾತು ಕಿವಿಗೆ ಬಿದ್ರೆ ನಾಳ ಬಿಗಿಯುತ್ತೆ, ಉಪ್ಪು ನೀರು ಒಳಗೇ ಉಳಿಯುತ್ತೆ, ಒತ್ತಡ ಏರುತ್ತೆ. ಒಂದೆರಡು ಸಲ ಆದ್ರೆ ಒಳ್ಳೇದೇ. ದಿನಾ ಬಂದು ಕೂಗ್ತಾ ಇದ್ರೆ ಹೃದಯದ ಗೋಡೆ ದಪ್ಪ ಆಗುತ್ತೆ, ಕಿಡ್ನಿಯ ಜರಡಿಯಲ್ಲಿ ಗಾಯದ ಕಲೆ ಕೂರುತ್ತೆ."

ದೊಡ್ಡಮ್ಮನಿಗೆ ಗಂಡನ ನೆನಪಾಯಿತು. ಅವನ ಹೃದಯವೂ ದಪ್ಪಗಾಗಿದೆಯೆಂದೇ ಹೇಳಿದ್ದರು. ಒಳ್ಳೆಯ ಹೃದಯ ದೊಡ್ಡದಾಗಿದ್ದರೆ ತಪ್ಪೇನು ಎಂದು ಆಗ ಅವನು ನಕ್ಕಿದ್ದ. ನಕ್ಕು ಎರಡು ವರ್ಷಕ್ಕೆ ಹೋದ.

"ಈ ಮಾತ್ರೆ ಆ ಕಿವಿಗೆ ಹತ್ತಿ ಇಟ್ಟ ಹಾಗೆ. ಅವನು ಕೂಗ್ತಾನೆ, ಕೇಳ್ಸಲ್ಲ. ಇನ್ನೊಂದು ಮಜಾ ಏನು ಗೊತ್ತಾ, ಕಿವಿಯಲ್ಲಿ ಎರಡು ಜಾತಿ. ಅದೇ ಓಲೆಕಾರ, ಅದೇ ಮಾತು. ಒಂದು ಕಿವಿ ಕೇಳಿ ಮುಷ್ಟಿ ಬಿಗಿಯುತ್ತೆ, ಇನ್ನೊಂದು ಕೇಳಿ ಅಂಗೈ ಬಿಡಿಸುತ್ತೆ. ಮಾತ್ರೆ ಮುಚ್ಚೋದು ಮೊದಲನೆಯದನ್ನ ಮಾತ್ರ."

"ಕೇಳೋಕೆ ಚೆನ್ನಾಗಿದೆ," ಎಂದಳು ದೊಡ್ಡಮ್ಮ. ಅವಳ ಬಾಯಲ್ಲಿ ಆ ಮಾತಿನ ಅರ್ಥ, ನಂಬಿಕೆ ಇಲ್ಲ ಎಂದು.

"ಆದ್ರೆ ಒಂದು ಹುಷಾರು. ಆ ಓಲೆಕಾರ ಜಗಳಗಂಟ, ನಿಜ. ಆದ್ರೆ ಮನೆಯ ಕಸ ಹೊರಗೆ ಹಾಕ್ಸೋನೂ ಅವನೇ. ಪೊಟ್ಯಾಸಿಯಂ ಅನ್ನೋ ಕಸ. ಅವನ ಮಾತು ನಿಂತ್ರೆ ಅದು ಒಳಗೇ ಕೂಡಬಹುದು. ಅದಕ್ಕೇ ಎರಡು ವಾರಕ್ಕೆ ಬಂದು ರಕ್ತ ಕೊಡಿ. ಮರೀಬೇಡಿ. ಮತ್ತೆ ಉಪ್ಪು ಕಮ್ಮಿ ಮಾಡಿ. ಎಲ್ಲೆಲ್ಲಿಂದ ಬರುತ್ತೋ ಅಲ್ಲೆಲ್ಲ."

ಬಾಗಿಲ ಬಳಿ ಚಿಕ್ಕಮ್ಮ ಗೋಣು ಆಡಿಸಿದಳು. ಉಪ್ಪಿನ ಮಾತಿಗೆ ಅವಳ ಕಿವಿ ನೆಟ್ಟಗಾಗಿತ್ತು. ಮೊದಲಿನ ಕಸದ ಮಾತು ಅವಳ ತಲೆಗೆ ಹೋಗಿತ್ತೋ ಇಲ್ಲವೋ.

ದೊಡ್ಡಮ್ಮ ಮಾತ್ರೆ ತೆಗೆದುಕೊಂಡಳು. ರಕ್ತ ಕೊಡಲು ಮಾತ್ರ ಹೋಗಲಿಲ್ಲ. "ಒಂದು ಸಲ ತಗೊಂಡಿದ್ದಾರಲ್ಲ, ಮತ್ತೆ ಯಾಕಂತೆ? ಇಷ್ಟು ಜನರ ರಕ್ತ ತಗೊಂಡು ಏನು ಮಾಡ್ತಾರೋ ಯಾರು ಕಂಡಿದ್ದಾರೆ," ಎಂದಳು. ಬಾಯ್ಲರ್ ನೋಡಿಕೊಳ್ಳುವ ಮುದುಕನಿಗೆ ಎಲ್ಲರೂ ಮಾಮ ಎನ್ನುತ್ತಿದ್ದರು. ಅವನು ಕೆಂಡದ ಮುಂದೆ ಕೂತೇ ಹೇಳಿದ: "ನಿನ್ನ ರಕ್ತ ಯಾರಿಗೆ ಬೇಕು ದೊಡ್ಡಮ್ಮ? ಸೊಳ್ಳೆ ಕೂಡ ಮೂಸಿ ಬಿಟ್ಟು ಹೋಗುತ್ತೆ."

ಮೂರನೆಯ ವಾರ ಅನುಮಾನದ ಹುಳ ಹೊಕ್ಕಿತು. ಹೊಕ್ಕಿದ್ದು ಅಡುಗೆಮನೆಯಿಂದಲೇ. ಮೊದಲೆಲ್ಲ ಒಂದೇ ದೊಡ್ಡ ಪಾತ್ರೆಯಲ್ಲಿ ಇಬ್ಬರಿಗೂ ಬೇಯುತ್ತಿತ್ತು. ಈಗ ಒಲೆಯ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆ. ಚಿಕ್ಕಮ್ಮ ಅದರಲ್ಲಿ ದೊಡ್ಡಮ್ಮನಿಗೆ ಬೇರೆ ಬೇಯಿಸುತ್ತಿದ್ದಳು, ಬೇರೆ ಸೌಟಿನಿಂದ ಬಡಿಸುತ್ತಿದ್ದಳು. ಬಾಯಿಗಿಟ್ಟರೆ ರುಚಿ ಬೇರೆ. ಬೇರೆ ಏನು, ರುಚಿಯೇ ಇಲ್ಲ.

"ಇದೇನಿದು, ಇವಳೇ?"

"ಅನ್ನ, ಅಕ್ಕ."

"ಅದು ಕಾಣುತ್ತೆ. ಬೇರೆ ಯಾಕೆ?"

"ಡಾಕ್ಟ್ರು ಹೇಳಿದ್ರಲ್ಲ." ಚಿಕ್ಕಮ್ಮ ಅಷ್ಟು ಹೇಳಿ ಕೆಳಗಿಳಿದು ಹೋದಳು. ಅವಳ ಉತ್ತರಗಳೆಲ್ಲ ಹಾಗೆಯೇ, ಅಂಗಿಯ ಗುಂಡಿಯಷ್ಟು.

ಡಾಕ್ಟರು ಹೇಳಿದ್ದು ಉಪ್ಪು ಕಮ್ಮಿ ಮಾಡೆಂದು, ಪಾತ್ರೆ ಬೇರೆ ಮಾಡೆಂದಲ್ಲ. ದೊಡ್ಡಮ್ಮ ಮೂಸಿದಳು. ಏನೂ ವಾಸನೆಯಿಲ್ಲ. ವಾಸನೆಯಿಲ್ಲವೆಂಬುದೇ ಅವಳಿಗೆ ಇನ್ನಷ್ಟು ಕೆಟ್ಟದಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಮೂಗಿಗೂ ಕಾಮಾಲೆ ಬರುತ್ತದೆ.

ಅದೇ ವಾರ ಇನ್ನೊಂದನ್ನು ಕಂಡಳು. ಹಿಂದುಗಡೆ ಗೋಡೆಗೆ ಒರಗಿ ನೀರು ಮೆದುಮಾಡುವ ಯಂತ್ರ ನಿಂತಿತ್ತು. ಅವರ ಬಾವಿಯ ನೀರು ಕಲ್ಲಿನಂತೆ ಗಡಸು. ಸೋಪು ಹತ್ತುತ್ತಿರಲಿಲ್ಲ, ಬಿಳಿ ಬಟ್ಟೆ ಬೂದಿಯಾಗುತ್ತಿತ್ತು. ಆ ಯಂತ್ರದ ಹೊಟ್ಟೆಗೆ ವಾರಕ್ಕೊಮ್ಮೆ ಚೀಲದ ಉಪ್ಪು ಸುರಿದರೆ ಅದು ನೀರಿನ ಗಡಸನ್ನು ಹಿಡಿದಿಟ್ಟು, ಬದಲಿಗೆ ಒಂದಿಷ್ಟು ಉಪ್ಪಿನಂಶ ಬಿಟ್ಟು, ಮೆತ್ತನೆಯ ನೀರು ಕೊಡುತ್ತಿತ್ತು. ಮನೆ ಕಟ್ಟುವಾಗ ಪೈಪು ಉಳಿಸಲು ಹೋದ ಕೊಳಾಯಿಯವನು ಅಡುಗೆಮನೆಯ ನಲ್ಲಿಯನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದ. ಅಂದು ಚೀಟಿಯ ದಾರ ಮುಗಿಯಿತೆಂದು ಹಿಂದೆ ಹೋದ ದೊಡ್ಡಮ್ಮನಿಗೆ ಕಂಡದ್ದು ಇಷ್ಟು: ಚಿಕ್ಕಮ್ಮ ಬಾಗಿಲ ಮರೆಯಲ್ಲಿ ಕೂತು, ಒಂದು ಹೊಸ ಚೀಲದಿಂದ ಬಿಳಿ ಹರಳುಗಳನ್ನು ಹಳೆಯ ಚೀಲಕ್ಕೆ ಸುರಿಯುತ್ತಿದ್ದಾಳೆ. ಹೊಸ ಚೀಲವನ್ನು ಮಡಚಿ ಬಾಯ್ಲರಿನ ಬೆಂಕಿಗೆ ತಳ್ಳಿದಳು. ಎದ್ದು ತಿರುಗಿದಾಗ ಮುಖದಲ್ಲಿ ಬೆಕ್ಕು ಹಾಲು ಕುಡಿದ ಕಳೆ.

"ಏನದು?"

"ಉಪ್ಪು, ಅಕ್ಕ."

"ಉಪ್ಪನ್ನ ಉಪ್ಪಿನ ಚೀಲಕ್ಕೆ ಯಾಕೆ ಹಾಕ್ತಿದ್ದೀಯ?"

"ಚೀಲ ಹರಿದಿತ್ತು."

ಹರಿದಿರಲಿಲ್ಲ. ದೊಡ್ಡಮ್ಮ ಕಣ್ಣಾರೆ ಕಂಡಿದ್ದಳು. ಹರಳನ್ನು ಮೂಸಲೂ ಹೋದಳು, ಅದಕ್ಕೂ ವಾಸನೆಯಿರಲಿಲ್ಲ.

ಆಮೇಲೆ ಕಾಲು ಭಾರವಾಗತೊಡಗಿತು. ಮೆಟ್ಟಿಲು ಹತ್ತುವಾಗ ಒದ್ದೆ ಕಂಬಳಿ ತೊಡೆಗೆ ಕಟ್ಟಿದಂತೆ. ತುಟಿಯ ಸುತ್ತ ಜುಮ್ಮು. ಎದೆ ಒಮ್ಮೊಮ್ಮೆ ಹೆಜ್ಜೆ ತಪ್ಪಿ, ಆಮೇಲೆ ನೆನಪಾದಂತೆ ಧೊಪ್ಪೆಂದು ಬೀಳುತ್ತಿತ್ತು. ಮಾತ್ರೆಯ ಮೇಲೂ ಒಂದು ದಿನ ಸಂಶಯ ಬಂತು. ಆದರೆ ಮಾತ್ರೆಯನ್ನು ಕೊಟ್ಟವಳು ಬಿಲ್ಲೆ ಬೆಚ್ಚಗೆ ಮಾಡಿದ ಹುಡುಗಿ. ಅನ್ನವನ್ನು ಕೊಡುತ್ತಿದ್ದವಳು ಚೀಲ ಸುಟ್ಟವಳು. ಲೆಕ್ಕ ತಾನಾಗಿಯೇ ಒಂದು ಕಡೆಗೆ ಬಿತ್ತು.

ಆ ದಿನದಿಂದ ದೊಡ್ಡಮ್ಮ ಸಣ್ಣ ಪಾತ್ರೆಯ ಅನ್ನ ಮುಟ್ಟಲಿಲ್ಲ. ತಟ್ಟೆಯನ್ನು ಕೋಣೆಗೆ ಒಯ್ದು ಕಿಟಕಿಯ ಬೆಕ್ಕಿಗೆ ಹಾಕಿದಳು. ಬೆಕ್ಕು ತಿಂದು, ಮೈ ನೆಕ್ಕಿಕೊಂಡು, ಮರುದಿನ ತನ್ನ ತಂಗಿಯನ್ನೂ ಕರೆತಂದಿತು. ಬೆಕ್ಕಿಗೇನೂ ಆಗಲಿಲ್ಲವಲ್ಲ ಎಂದು ಒಂದು ಮನಸ್ಸು ಹೇಳಿದರೆ, ಮೆಲ್ಲಗೆ ಕೊಲ್ಲುವುದಾದರೆ ಬೆಕ್ಕಿಗೂ ಸಮಯ ಬೇಕಲ್ಲ ಎಂದಿತು ಇನ್ನೊಂದು. ಹೊಟ್ಟೆಗೆ ಮತ್ತೇನು? ಸಿಪ್ಪೆಯಿರುವುದು. ಸಿಪ್ಪೆಯೊಳಗೆ ಯಾರೂ ಏನೂ ಹಾಕಲಾರರು. ಬಾಳೆಹಣ್ಣು, ಕಿತ್ತಳೆ, ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಕುಡಿಯಲು ಚಿಕ್ಕಮ್ಮ ತುಂಬಿಟ್ಟ ಹೂಜಿ ಬೇಡ. ತನ್ನ ಕೈಯಿಂದಲೇ ನಲ್ಲಿ ತಿರುಗಿಸಿ, ಲೋಟ ಮೂರು ಸಲ ತೊಳೆದು ಹಿಡಿದ ನೀರು. ಒಳಗಿನ ವಿಷ ತೊಳೆದುಹೋಗಲಿ ಎಂದು ಲೋಟದ ಮೇಲೆ ಲೋಟ.

ಆದರೂ ಕಾಲು ಇನ್ನೂ ಭಾರವಾಯಿತು.

ಬುಧವಾರ ಅವಳು ಚಿಕ್ಕಮ್ಮನ ಅಣ್ಣನ ಮಗನಿಗೆ ಫೋನು ಮಾಡಿದಳು. "ನಿನ್ನ ಅತ್ತೆಗೆ ವಯಸ್ಸಾಯ್ತಪ್ಪ, ಇಲ್ಲಿ ಕೆಲಸ ಜಾಸ್ತಿ. ಭಾನುವಾರ ಬಂದು ಕರಕೊಂಡು ಹೋಗು." ಆ ಹುಡುಗ, "ಜಗಳ ಆಯ್ತಾ ದೊಡ್ಡಮ್ಮ?" ಎಂದ. "ನಮ್ಮಿಬ್ಬರಿಗೆ ಜಗಳ ಯಾವತ್ತಾಗಿದೆ?" ಎಂದಳು ದೊಡ್ಡಮ್ಮ. ಅದು ನಿಜವೂ ಆಗಿತ್ತು. ಉಪ್ಪುಂಡ ಮನೆಗೆ ಎರಡು ಬಗೆದವಳ ಜೊತೆ ಇನ್ನೊಂದು ತಿಂಗಳು ಇರುವುದು ಸಾಧ್ಯವಿರಲಿಲ್ಲ. ಆದರೆ ಕಳಿಸುವ ಮೊದಲು ಸಾಕ್ಷಿ ಬೇಕು. ನಾಳೆ ಯಾರೂ ತನ್ನನ್ನು ಅನ್ನಬಾರದು.

ಗುರುವಾರ ಮಧ್ಯಾಹ್ನ ಚಿಕ್ಕಮ್ಮ ಬಡಿಸಿದ ಅನ್ನವನ್ನು ಒಂದು ಗಾಜಿನ ಬಾಟಲಿಗೆ ತುಂಬಿದಳು. ಕೈ ಅಭ್ಯಾಸ ಬಿಡಲಿಲ್ಲ. ಬಿಳಿ ದಾರದಿಂದ ಬಾಟಲಿಯ ಕುತ್ತಿಗೆಗೆ ಚೀಟಿ ಕಟ್ಟಿ, ಅಳಿಯದ ಶಾಯಿಯಲ್ಲಿ ಬರೆದಳು: 'ಗುರುವಾರ ಮಧ್ಯಾಹ್ನ. ಚಿಕ್ಕವಳು ಬಡಿಸಿದ್ದು.' ಬಾಟಲಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಹತ್ತಿದಳು ಎಂದರೆ ಕಂಡಕ್ಟರು ಇಳಿದು ಬಂದು ತೋಳು ಹಿಡಿದು ಹತ್ತಿಸಿದ. ಅವಳು ಕೂರುವವರೆಗೆ ಬಸ್ಸು ಬಿಡಲು ಸೀಟಿ ಊದಲಿಲ್ಲ. ಅವನ ಬೆರಳಲ್ಲಿ ತಂಬಾಕಿನ ವಾಸನೆಯಿತ್ತು, ಆದರೂ ದೊಡ್ಡಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

ಡಾಕ್ಟರ ಮೇಜಿನ ಮೇಲೆ ಬಾಟಲಿ ಇಟ್ಟು ಹೇಳಿದಳು: "ಇದನ್ನ ಪರೀಕ್ಷೆ ಮಾಡ್ಸಿ. ನನ್ನ ಓರಗಿತ್ತಿ ನನಗೇನೋ ಹಾಕ್ತಿದ್ದಾಳೆ."

ಡಾಕ್ಟರು ಬಾಟಲಿಯನ್ನು ನೋಡಲಿಲ್ಲ. ದೊಡ್ಡಮ್ಮನ ನಾಡಿಯ ಮೇಲೆ ಬೆರಳಿಟ್ಟು ಗಡಿಯಾರ ನೋಡಿದಳು. "ಅಜ್ಜಿ, ಎರಡು ವಾರಕ್ಕೆ ಬನ್ನಿ ಅಂದಿದ್ದೆ. ಎರಡು ತಿಂಗಳಾಯ್ತು."

"ಅದು ಆಮೇಲೆ. ಮೊದಲು ಬಾಟ್ಲಿ."

"ಮೊದಲು ನೀವು ಮಲಗಿ."

ಎದೆಗೆ ತಂತಿಗಳು ಬಂದವು, ಕಾಗದದ ಮೇಲೆ ಗೀಟುಗಳು ಬಂದವು. ಗೀಟುಗಳು ಗುಡಾರದ ಕಂಬದಂತೆ ಚೂಪಾಗಿ ಎದ್ದುನಿಂತಿದ್ದನ್ನು ನೋಡಿ ಡಾಕ್ಟರ ಮುಖ ಬಿಗಿಯಿತು. ಗಾಲಿ ಹಾಸಿಗೆ, ಸೂಜಿ, ಎರಡು ಬಾಟಲಿ ಔಷಧಿ. ರಕ್ತದ ಚೀಟಿ ಬಂದ ಮೇಲೆ ಡಾಕ್ಟರು ಹತ್ತಿರ ಬಾಗಿ ಹೇಳಿದಳು: "ನಿಮ್ಮ ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಏರಿದೆ. ಇನ್ನೊಂದು ದಿನ ತಡ ಆಗಿದ್ರೆ ಹೃದಯ ನಿಲ್ಲಬಹುದಿತ್ತು."

"ನೋಡಿದ್ರಾ! ನಾನು ಹೇಳ್ಲಿಲ್ವಾ!" ದೊಡ್ಡಮ್ಮನ ದನಿಯಲ್ಲಿ ಗೆದ್ದ ಖುಷಿ. ಸಾವು ಬಾಗಿಲಿಗೆ ಬಂದು ಹೋದ ಸುದ್ದಿಗಿಂತ ತನ್ನ ಸಂಶಯ ನಿಜವಾದದ್ದೇ ಅವಳಿಗೆ ದೊಡ್ಡದಾಯಿತು.

"ಹಾಕಿದ್ದು ಯಾರು ಅನ್ನೋದು ಇನ್ನೂ ಗೊತ್ತಿಲ್ಲ ಅಜ್ಜಿ. ಏನು ತಿಂತಿದ್ದೀರಿ?"

"ಅವಳು ಕೊಟ್ಟಿದ್ದು ಹತ್ತು ದಿನದಿಂದ ಮುಟ್ಟೇ ಇಲ್ಲ. ಬರೀ ಬಾಳೆಹಣ್ಣು, ಕಿತ್ತಳೆ. ಮತ್ತೆ ನಲ್ಲಿ ನೀರು."

"ಎಷ್ಟು?"

ದೊಡ್ಡಮ್ಮ ಲೆಕ್ಕ ಹೇಳಿದಳು, ಕಾಲು ಭಾರವಾದ ಮೇಲೆ ಶುರುಮಾಡಿದ್ದೆಂದೂ ಹೇಳಿದಳು. ಡಾಕ್ಟರು ಕಣ್ಣು ಮುಚ್ಚಿ ತೆರೆದಳು. "ಅಯ್ಯೋ ಅಜ್ಜಿ! ಆ ಹಣ್ಣುಗಳಲ್ಲಿ ಇರೋದೇ ಪೊಟ್ಯಾಸಿಯಂ. ಕಸ ಹೊರಗೆ ಹಾಕ್ಸೋನ ಮಾತು ನಿಲ್ಸಿದ್ದೀವಿ, ನೀವು ನೋಡಿದ್ರೆ ಬುಟ್ಟಿಗಟ್ಟಲೆ ಒಳಗೆ ತಂದು ಸುರೀತಿದ್ದೀರಿ." ಒಂದು ಕ್ಷಣ ಯೋಚಿಸಿದಳು. "ಆದ್ರೆ ಕಾಲು ಭಾರ ಆಗಿದ್ದು ಹಣ್ಣಿಗಿಂತ ಮುಂಚೆ ಅಂತೀರಿ. ಮನೇಲಿ ಬದಲಿ ಉಪ್ಪು ಏನಾದ್ರೂ ಬಳಸ್ತಿದ್ದೀರಾ? ಸೋಡಿಯಂ ಇಲ್ಲದ್ದು?"

ಆಗಲೇ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು, ಅವಳ ಹಿಂದೆ ಬಾಯ್ಲರ್ ಮಾಮ. ಆಸ್ಪತ್ರೆಯವರು ಫೋನು ಮಾಡಿದ್ದರು. ಮಾಮನ ಚೀಲದಲ್ಲಿ ದೊಡ್ಡಮ್ಮನ ಮನೆಯ ಚಪ್ಪಲಿ, ಕನ್ನಡಕ, ಒಂದು ಸೀರೆ. ಚಿಕ್ಕಮ್ಮನ ಕೈಗೆ ಸೋಪಿನ ನೊರೆ ಒಣಗಿ ಅಂಟಿತ್ತು.

"ಅಡುಗೆಗಲ್ಲ," ಎಂದಳು ಚಿಕ್ಕಮ್ಮ. ಎಲ್ಲರೂ ತಿರುಗಿದರು. "ನೀರಿಗೆ."

"ಯಾವ ನೀರಿಗೆ?"

"ಎಲ್ಲೆಲ್ಲಿಂದ ಉಪ್ಪು ಬರುತ್ತೋ ಎಲ್ಲ ಕಮ್ಮಿ ಮಾಡಿ ಅಂದ್ರಲ್ಲ ನೀವು. ಅಡುಗೆಯಲ್ಲಿ ಬಿಟ್ಟೆ. ಅಕ್ಕನಿಗೆ ಬೇರೆ ಪಾತ್ರೆ ಮಾಡಿದೆ. ಆಮೇಲೆ ಯೋಚನೆ ಬಂತು, ಆ ಯಂತ್ರಕ್ಕೆ ವಾರಕ್ಕೊಂದು ಚೀಲ ಉಪ್ಪು ಸುರೀತೀನಿ, ಅದೇ ನೀರಲ್ಲವಾ ಅಕ್ಕ ಕುಡಿಯೋದು ಅಂತ. ಅಂಗಡಿಯವನನ್ನ ಕೇಳಿದೆ. ಸೋಡಿಯಂ ಇಲ್ಲದ್ದೂ ಬರುತ್ತೆ, ಪೊಟ್ಯಾಸಿಯಂದು, ಯಂತ್ರಕ್ಕೆ ಎರಡೂ ಒಂದೇ ಅಂದ. ಅಕ್ಕನಿಗೆ ಹೇಳಿದ್ರೆ ಮೂವತ್ತು ವರ್ಷದ ಉಪ್ಪು ಬದಲಾಯಿಸ್ಬೇಡ ಅಂತಿದ್ರು. ಅದಕ್ಕೇ ಹಳೇ ಚೀಲಕ್ಕೆ ಸುರಿದೆ."

ಮಾಮ ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸುತ್ತಿದ್ದವನು ಬಾಗಿದಂತೆಯೇ ನಿಂತ.

"ನಾವೆಲ್ಲರೂ ಅದೇ ನೀರು ಕುಡಿದಿದ್ದೀವಿ," ಎಂದ ಕೊನೆಗೆ. "ನಮಗೇನೂ ಆಗ್ಲಿಲ್ವಲ್ಲ."

"ನಿಮ್ಮ ಕಿಡ್ನಿ ಹೊರಗೆ ಹಾಕುತ್ತೆ," ಎಂದಳು ಡಾಕ್ಟರು ಮೆಲ್ಲಗೆ. "ಇವರದು ಸೋತಿದೆ, ಜೊತೆಗೆ ಈ ಮಾತ್ರೆ. ಮಾತ್ರೆ ತಪ್ಪಲ್ಲ, ಸ್ವಲ್ಪ ದಿನ ನಿಲ್ಲಿಸಿ, ಆಮೇಲೆ ಕಮ್ಮಿ ಮಾಡಿ ಮತ್ತೆ ಶುರು ಮಾಡ್ತೀನಿ. ಹೃದಯಕ್ಕೂ ಕಿಡ್ನಿಗೂ ಅದು ಬೇಕು. ಎಲ್ಲೆಲ್ಲಿಂದ ಅಂತ ನಾನು ಅಂದಿದ್ದೇ ಎಡವಟ್ಟಾಯ್ತು. ಬದಲಿ ಉಪ್ಪು ಬೇಡ ಅಂತಲೂ ಹೇಳಬೇಕಿತ್ತು. ನನ್ನ ತಪ್ಪೂ ಇದೆ."

ಡಾಕ್ಟರೊಬ್ಬಳು ತನ್ನ ತಪ್ಪೂ ಇದೆ ಎಂದದ್ದನ್ನು ದೊಡ್ಡಮ್ಮ ಮೊದಲ ಸಲ ಕೇಳಿದ್ದು. ಚಿಕ್ಕಮ್ಮ ಅದನ್ನು ಕೇಳಿದಂತೆ ಕಾಣಲಿಲ್ಲ. "ಹಾಗಾದ್ರೆ ನಾನೇ," ಎಂದಳು.

ಆಗ ಒಬ್ಬ ನರ್ಸು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮೇಜಿನ ಮೇಲಿದ್ದ ಬಾಟಲಿಯನ್ನು ತಂದು ಚಿಕ್ಕಮ್ಮನ ಕೈಗೆ ಕೊಟ್ಟಳು. "ನಿಮ್ಮ ಮನೆಯವರದು, ಮರ್ತು ಹೋಗ್ಬೇಡಿ."

ಚಿಕ್ಕಮ್ಮ ಚೀಟಿಯನ್ನು ನೋಡಿದಳು. ಮೂವತ್ತೆಂಟು ವರ್ಷ ಆ ಕೈಬರಹದ ಚೀಟಿಗಳನ್ನೇ ಓದಿ ಬಟ್ಟೆ ಜೋಡಿಸಿದವಳು. ಎಂಥ ಬೆಳಕಿನಲ್ಲೂ ಓದಬಲ್ಲಳು. 'ಗುರುವಾರ ಮಧ್ಯಾಹ್ನ. ಚಿಕ್ಕವಳು ಬಡಿಸಿದ್ದು.' ಓದಿ, ಚೀಟಿಯನ್ನು ಬಾಟಲಿಗೆ ಮತ್ತೆ ನೀಟಾಗಿ ಸುತ್ತಿ, ಎದೆಗೊತ್ತಿಕೊಂಡು ಹೊರಗೆ ಹೋದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಮ್ಮನಿಗೆ ಅನ್ನಿಸಿತು.

ಒಂದು ರಾತ್ರಿ, ಒಂದು ಹಗಲು ಆಸ್ಪತ್ರೆ. ಪೊಟ್ಯಾಸಿಯಂ ಇಳಿಯಿತು, ಕಾಲಿಗೆ ಜೀವ ಬಂತು. ತಲೆಯ ಕೆಳಗಿನ ದಿಂಬಿನ ಚೀಲದ ಮೂಲೆಯಲ್ಲಿ ದೊಡ್ಡಮ್ಮನ ಕೈ ಒಂದು ಚೀಟಿಯನ್ನು ಮುಟ್ಟಿತು. ಅವರ ಲಾಂಡ್ರಿಯದೇ, ಆಸ್ಪತ್ರೆಯ ಬಟ್ಟೆಯೂ ಅಲ್ಲಿಗೇ ಬರುತ್ತಿತ್ತು. ಮಡಿಕೆ ನೋಡಿದರೆ ಸಾಕು, ಚಿಕ್ಕಮ್ಮನ ಕೈಯದು: ಅಂಚು ಅಂಚಿಗೆ, ಒಳಗಿನ ಹೊಲಿಗೆ ಕೆನ್ನೆಗೆ ಒತ್ತದ ಹಾಗೆ ತಿರುಗಿಸಿದ್ದು. ರೋಗಿಯ ಕೆನ್ನೆ ನೋಯಬಾರದೆಂದು ಹಾಗೆ ಮಡಚಲು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಯಾರೂ ಗಮನಿಸಿಯೂ ಇರಲಿಲ್ಲ. ದೊಡ್ಡಮ್ಮ ಸೇರಿದಂತೆ.

ಅವಳು ಹಳೆಯದನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದಳು. ಸಣ್ಣ ಪಾತ್ರೆ. ಬೇರೆ ಸೌಟು. ಗುಂಡಿಯಷ್ಟು ಮಾತು. ಡಾಕ್ಟರು ಹೇಳಿದ ಎರಡು ಜಾತಿಯ ಕಿವಿ ನೆನಪಾಯಿತು. ತನ್ನದು ಯಾವಾಗಲೂ ಒಂದೇ ಕಿವಿಯಲ್ಲಿ ಕೇಳಿದ ಬಾಳು, ಮುಷ್ಟಿ ಬಿಗಿಯುವ ಕಿವಿಯಲ್ಲಿ. ಆಮೇಲೆ ಅದನ್ನೂ ಪೂರ್ತಿ ಒಪ್ಪದೆ, "ಚೀಲ ಸುಡಬಾರದಿತ್ತು ಅವಳು," ಎಂದು ಗೊಣಗಿ ಮಗ್ಗುಲಾದಳು. ಹಳೆಯ ಅಭ್ಯಾಸ ಒಂದೇ ಒಗೆತಕ್ಕೆ ಹೋಗುವ ಕಲೆಯಲ್ಲ.

ಶುಕ್ರವಾರ ಸಂಜೆ ಮನೆಗೆ ಬಂದರೆ ಒಲೆ ತಣ್ಣಗಿತ್ತು.

"ನಾನಿನ್ನು ನಿಮಗೆ ಅಡುಗೆ ಮಾಡಲ್ಲ ಅಕ್ಕ," ಎಂದಳು ಚಿಕ್ಕಮ್ಮ, ಗೋಡೆ ನೋಡುತ್ತ. "ಪಾತ್ರೆ ಮುಟ್ಟೋಕೆ ಧೈರ್ಯ ಇಲ್ಲ. ಮಾಮನ ಹೆಂಡತಿ ಕಳಿಸ್ತಾಳೆ, ಡಾಕ್ಟರ ಪಟ್ಟಿ ಕೊಟ್ಟಿದ್ದೀನಿ. ನನ್ನ ಅಣ್ಣನ ಮಗ ಫೋನ್ ಮಾಡಿದ್ದ. ಭಾನುವಾರ ಬರ್ತಾನಂತೆ. ನೀವೇ ಕರೆದ್ರಂತೆ."

ದೊಡ್ಡಮ್ಮನ ಬಾಯಿಗೆ ಬಂದದ್ದು, "ಹೂಂ."

ಶನಿವಾರ ಕೊಳಾಯಿಯವನು ಬಂದು ಅಡುಗೆಮನೆಯ ನಲ್ಲಿಯನ್ನು ಯಂತ್ರದ ಸಾಲಿನಿಂದ ಬಿಡಿಸಿ, ಬಾವಿಯ ನೀರಿಗೇ ಜೋಡಿಸಿದ. ಚಿಕ್ಕಮ್ಮ ಇಡೀ ದಿನ ಪೆಟ್ಟಿಗೆ ತುಂಬಿದಳು. ತುಂಬಲು ಹೆಚ್ಚೇನೂ ಇರಲಿಲ್ಲ. ಮೂವತ್ತೆಂಟು ವರ್ಷಕ್ಕೆ ಒಂದು ಪೆಟ್ಟಿಗೆ ಅಷ್ಟೇ. ಕೆಳಗೆ ಇಸ್ತ್ರಿಯ ಹೆಂಗಸರು ತಲೆ ಎತ್ತದೆ ಇಸ್ತ್ರಿ ಹಾಕಿದರು. ಮಾಮ ಮಾತ್ರ ದೊಡ್ಡಮ್ಮನ ಕಟ್ಟೆಯ ಮುಂದೆ ಬಂದು ನಿಂತ.

"ಬಾಯ್ಲರಿಗೆ ಒಂದು ಸೇಫ್ಟಿ ವಾಲ್ವ್ ಇರುತ್ತೆ ದೊಡ್ಡಮ್ಮ. ಒತ್ತಡ ಜಾಸ್ತಿ ಆದ್ರೆ ತಾನೇ ಬಾಯಿ ತೆರೆಯುತ್ತೆ. ನಿನಗೆ ದೇವರು ಅದನ್ನ ಇಡೋದು ಮರೆತಿದ್ದಾನೆ."

"ನಿನ್ನ ಕೆಲಸ ನೋಡು."

"ನೋಡ್ತಿದ್ದೀನಿ. ನಾಳೆಯಿಂದ ಆ ಯಂತ್ರ ಯಾರು ನೋಡ್ತಾರೆ ಅಂತಾನೂ ನೋಡ್ತಿದ್ದೀನಿ."

ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಮೊದಲು ಫೋನು ಮಾಡಿದಳು. "ಬರಬೇಡಪ್ಪ. ನಾನು ಕರೆದದ್ದೇ ತಪ್ಪು. ನಿನ್ನ ಅತ್ತೆ ಬರ್ತೀನಿ ಅಂದ್ರೆ ನಾನೇ ಕರಕೊಂಡು ಬಂದು ಬಿಡ್ತೀನಿ, ಅವಳು ಹೇಳಲಿ." ಆಮೇಲೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಎಷ್ಟು ವರ್ಷವಾಗಿತ್ತೋ ಒಲೆ ಹೊತ್ತಿಸಿ! ಬೆಂಕಿಕಡ್ಡಿಯ ಪೆಟ್ಟಿಗೆ ಎಲ್ಲಿದೆಯೆಂದೂ ತಿಳಿಯದು. ದೊಡ್ಡ ಪಾತ್ರೆಯನ್ನು ತೆಗೆದು, ನೋಡಿ, ಹಿಂದಿಟ್ಟಳು. ಸಣ್ಣ ಪಾತ್ರೆಯನ್ನೇ ಇಳಿಸಿಕೊಂಡಳು. ತರಕಾರಿಯನ್ನು ಡಾಕ್ಟರ ಪಟ್ಟಿಯಂತೆ ಹೆಚ್ಚಿ, ಒಂದು ಸಲ ಕುದಿಸಿ, ಆ ನೀರನ್ನು ಚೆಲ್ಲಿ, ಅಕ್ಕಿಯ ಜೊತೆ ಮತ್ತೆ ಬೇಯಿಸಿದಳು. ಉಪ್ಪಿನ ಡಬ್ಬಿಗೆ ಕೈ ಹೋಗಲಿಲ್ಲ. ಅನ್ನ ತಳ ಹಿಡಿಯಿತು. ಮೂಗಿಗೆ ಸೀದ ವಾಸನೆ ಬಡಿದಾಗ ಅವಳಿಗೆ ನಗು ಬಂತು. ಬಹಳ ದಿನದ ಮೇಲೆ ಮೂಗು ಒಂದು ನಿಜ ಹೇಳಿತ್ತು.

ಎರಡು ತಟ್ಟೆ. ಒಂದೇ ಪಾತ್ರೆಯಿಂದ, ಒಂದೇ ಸೌಟಿನಿಂದ. ತನ್ನ ತಟ್ಟೆಯಿಂದ ಅಲ್ಲಿಯೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ರುಚಿಯೇನೂ ಇರಲಿಲ್ಲ. ಇಂಥದ್ದನ್ನು ಎರಡು ತಿಂಗಳು ಚಿಕ್ಕಮ್ಮ ದಿನಕ್ಕೆ ಎರಡು ಹೊತ್ತು ಬೇರೆಯಾಗಿ ಬೇಯಿಸಿದ್ದಳಲ್ಲ. ಇನ್ನೊಂದು ತಟ್ಟೆಯನ್ನು ಮುಚ್ಚಿ, ಹಿಂದುಗಡೆಗೆ ಒಯ್ಯುವ ಮುನ್ನ ಕಟ್ಟೆಗೆ ಹೋಗಿ ದಾರದ ಉಂಡೆಯಿಂದ ಒಂದು ಎಳೆ ಕಿತ್ತಳು.

ಚಿಕ್ಕಮ್ಮ ಹಿಂದುಗಡೆ ಯಂತ್ರದ ಹೊಟ್ಟೆಯನ್ನು ಕೊನೆಯ ಸಲ ತೊಳೆಯುತ್ತಿದ್ದಳು. ಹರಳುಗಳನ್ನೆಲ್ಲ ಬಾಚಿ ಒಂದು ಬಕೆಟ್ಟಿಗೆ ಹಾಕಿ, ಹಳೆಯ ಉಪ್ಪಿನ ಚೀಲ ಬಿಚ್ಚಿಟ್ಟಿದ್ದಳು. ಪಕ್ಕದಲ್ಲಿ ಬೀಗ ಹಾಕಿದ ಪೆಟ್ಟಿಗೆ. ಹೆಜ್ಜೆಯ ಸದ್ದಿಗೆ ತಿರುಗಿದಳು, ಆದರೆ ಏಳಲಿಲ್ಲ.

ದೊಡ್ಡಮ್ಮ ಪೆಟ್ಟಿಗೆಯ ಮೇಲೆಯೇ ಕೂತಳು. ಏದುಸಿರು ಇಳಿದ ಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ತಟ್ಟೆಯ ಅಂಚಿಗೆ ಬಿಳಿ ದಾರದಿಂದ ಕಟ್ಟಿದ ಚೀಟಿಯಲ್ಲಿ, ಅಳಿಯದ ಶಾಯಿಯಲ್ಲಿ ಬರೆದಿತ್ತು: 'ಭಾನುವಾರ ಮಧ್ಯಾಹ್ನ. ದೊಡ್ಡವಳು ಬಡಿಸಿದ್ದು.'

ಚಿಕ್ಕಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಚೀಟಿಯನ್ನು ಓದಿದಳು. ಸೀದ ಅನ್ನದ ವಾಸನೆಗೆ ಒಂದು ಸಲ ಮೂಗು ಅರಳಿಸಿ, ಕೈ ಚಾಚಿದಳು. ದೊಡ್ಡಮ್ಮ ತಟ್ಟೆಯನ್ನು ಆ ಕೈಗೆ ಇಟ್ಟಳು.